ಬ್ರೇಕ್ ಪೈಪಿನಿಂದ ಪಾಸ್ಕಲ್ ನಿಯಮಕ್ಕೆ: ದರೋಜಿಯ ಎಂಟನೇ ತರಗತಿಯಲ್ಲಿ ಎರಡು ಪಾಠಗಳು

ಪೀಠಿಕೆ

ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಸೇರಿದ ನನಗೆ ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ ದರೋಜಿಯ ಒಂದು ಪ್ರೌಢಶಾಲೆಯಲ್ಲಿ ಬೋಧಿಸುವ ಅವಕಾಶ ದೊರೆಯಿತು. ಎಂಟನೇ ತರಗತಿಯ ವಿಜ್ಞಾನದಲ್ಲಿ ‘ಬಲ ಮತ್ತು ಒತ್ತಡ’ ಘಟಕವನ್ನು ನನಗೆ ವಹಿಸಿದ್ದರು. ದ್ರವಗಳು ಪಾತ್ರೆಯ ಗೋಡೆಯ ಮೇಲೆ ಒತ್ತಡ ಉಂಟುಮಾಡುತ್ತವೆ ಎಂಬಲ್ಲಿಗೆ ಪಾಠ ಬಂದಾಗ, ಒಂದು ಹೆಜ್ಜೆ ಮುಂದೆ ಹೋಗಿ ಪಾಸ್ಕಲ್ ನಿಯಮವನ್ನೂ ಅದರ ಅನ್ವಯವಾದ ಹೈಡ್ರಾಲಿಕ್ ಬ್ರೇಕನ್ನೂ ಪರಿಚಯಿಸಲು ನಿರ್ಧರಿಸಿದೆ.

ಈ ವಿಷಯವನ್ನು ಆಯ್ದುಕೊಳ್ಳಲು ಒಂದು ಕಾರಣವಿತ್ತು. ಆ ದಿನಗಳಲ್ಲಿ ಹೊಸಪೇಟೆಯ ನಮ್ಮ ಮಾಮನ ಗ್ಯಾರೇಜಿನಲ್ಲಿ ಒಂದು ಹಳೆಯ ಕಾರಿಗೆ ಮರುಜೀವ ಕೊಡುವ ಕೆಲಸ ನಡೆದಿತ್ತು. ಭಾನುವಾರಗಳಲ್ಲಿ ನಾನೂ ಕೈ ಜೋಡಿಸುತ್ತಿದ್ದೆ. ಅಲ್ಲಿ ಕೈಯಿಂದ ಕಲಿತದ್ದನ್ನು ತರಗತಿಗೆ ತಂದರೆ ಪಾಠ ಜೀವಂತವಾಗುತ್ತದೆ ಎಂದುಕೊಂಡೆ. ಪಾಠವೇನೋ ಜೀವಂತವಾಯಿತು. ಆದರೆ ಅದೇ ಪಾಠದಲ್ಲಿ ನಾನು ಒಂದು ತಪ್ಪು ಹೇಳಿದೆ, ಸರಿ ಹೇಳಿದ ಹುಡುಗನನ್ನು ಕೂರಿಸಿದೆ. ಆ ತಪ್ಪನ್ನು ಮರುದಿನ ಹೇಗೆ ತಿದ್ದಿಕೊಂಡೆ ಎಂಬುದನ್ನೂ ಸೇರಿಸಿ ಇಲ್ಲಿ ವರದಿ ಮಾಡುತ್ತಿದ್ದೇನೆ.

ಹಿನ್ನೆಲೆ: ಗ್ಯಾರೇಜಿನಲ್ಲಿ ಕಲಿತದ್ದು

ಕಾರು ‘ಸ್ಟ್ಯಾಂಡರ್ಡ್ ಹೆರಾಲ್ಡ್’. 1960ರ ದಶಕದಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ತಯಾರಿಸುತ್ತಿದ್ದ ಕಾರು ಇದು. ಮೂಲ ಇಂಗ್ಲೆಂಡಿನದು. ಅಲ್ಲಿ ಇದೇ ಹೆರಾಲ್ಡಿನ ಚಾಸಿಯನ್ನು ಮೋಟು ಮಾಡಿ 1962ರಲ್ಲಿ ‘ಟ್ರಯಂಫ್ ಸ್ಪಿಟ್‌ಫೈರ್’ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದರು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ಹೆರಾಲ್ಡಿನ ಬಾನೆಟ್ ಮಡ್ಗಾರ್ಡುಗಳ ಸಮೇತ ಮುಂದಕ್ಕೆ ವಾಲಿ ತೆರೆದುಕೊಳ್ಳುತ್ತದೆ. ಇಂಜಿನ್, ಮುಂದಿನ ಚಕ್ರಗಳ ಜೋಡಣೆ, ಬ್ರೇಕ್ ಪೈಪುಗಳು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು.

ಕಂಪ್ಲಿಯ ತಾತನ ಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಕಾರನ್ನು ಮಾಮ ಟ್ರ್ಯಾಕ್ಟರಿಗೆ ಕಟ್ಟಿ ತಂದಿದ್ದರು. ಪೆಡಲ್ ಒತ್ತಿದರೆ ತಳಕ್ಕೆ ಹೋಗಿ ಕೂರುತ್ತಿತ್ತು. ಕೆಳಗೆ ಮಲಗಿ ನೋಡಿದರೆ, ಚಾಸಿಗೆ ಕ್ಲಿಪ್ಪು ಹಿಡಿದ ಜಾಗಗಳಲ್ಲೆಲ್ಲ ಪೈಪು ತುಕ್ಕು ಹಿಡಿದಿತ್ತು. ಉಗುರಿನಿಂದ ಕೆರೆದರೆ ಒಂದು ಕಡೆ ಆಯಿಲ್ ಜಿನುಗಿತು. ‘ಇದೊಂದನ್ನೇ ಬದಲಿಸಿದ್ರ ಸಾಲದೇನು ಮಾಮ?’ ಎಂದೆ. ‘ಒಂದು ಪೈಪ್ ಹೋದ್ರ ನಾಲ್ಕೂ ಚಕ್ರದ ಬ್ರೇಕ್ ಹೋಗ್ತೈತವ್ವಾ ಇದ್ರಾಗ. ಉಳಿಯೋದು ಹ್ಯಾಂಡ್ ಬ್ರೇಕ್ ಒಂದೇ. ಎಲ್ಲಾ ತೆಗಿ’ ಎಂದರು. ಈಗಿನ ಕಾರುಗಳಲ್ಲಿ ಬ್ರೇಕಿನ ದಾರಿಯನ್ನು ಎರಡು ಭಾಗ ಮಾಡಿರುತ್ತಾರೆ. ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ. ಹೆರಾಲ್ಡಿನಲ್ಲಿ ಇರುವುದು ಒಂದೇ ದಾರಿ.

ಹಳೆಯ ಪೈಪುಗಳನ್ನು ಕತ್ತರಿಸದೆ ಇಡಿಯಾಗಿ ಬಿಚ್ಚಿದೆವು, ಏಕೆಂದರೆ ಹೊಸ ಪೈಪ್ ಬಗ್ಗಿಸಲು ಅವೇ ಅಚ್ಚು. ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದೆವು. ಸಾಮಾನ್ಯ ಪಾನಾ ಹಾಕಿದರೆ ಮೆತ್ತನೆಯ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಅದಕ್ಕೆಂದೇ ನಟ್ಟನ್ನು ಸುತ್ತಲೂ ಹಿಡಿಯುವ ಪಾನಾ ಬೇಕು. ಹೊಸದಾಗಿ ತಂದದ್ದು ಬ್ರೇಕಿಗೆಂದೇ ಬರುವ, 3/16 ಇಂಚು ಎಂದರೆ ಸುಮಾರು 4.75 ಮಿ.ಮೀ. ದಪ್ಪದ ಸ್ಟೀಲ್ ಪೈಪಿನ ಸುರುಳಿ. ಫ್ರಿಜ್ ರಿಪೇರಿಯವರ ಬಳಿ ಸಿಗುವ ಶುದ್ಧ ತಾಮ್ರದ ಪೈಪ್ ಬಗ್ಗಿಸಲು ಸುಲಭ, ಆದರೆ ಅದು ಅದುರಿ ಅದುರಿ ಗಡುಸಾಗಿ ಬಿರುಕು ಬಿಡುತ್ತದೆ. ಹಾಗಾಗಿ ಬೇಡವೆಂದರು.

ಪೈಪಿನ ತುದಿಯನ್ನು ಹೂವಿನಂತೆ ಅರಳಿಸಿ, ಮತ್ತೆ ಒಳಕ್ಕೆ ಮಡಿಚಬೇಕು. ಇದಕ್ಕೆ ಡಬಲ್ ಫ್ಲೇರಿಂಗ್ ಎನ್ನುತ್ತಾರೆ. ನಟ್ಟು ಬಿಗಿದಾಗ ಈ ಮಡಿಕೆಯೇ ಸೋರದಂತೆ ಕೂರುತ್ತದೆ. ನಾನು ಮೊದಲ ಬಾರಿ ಬಹಳ ಚೆಂದ ಅರಳಿಸಿದೆ. ಆಮೇಲೆ ನೋಡಿದರೆ ನಟ್ಟನ್ನು ಪೈಪಿಗೆ ತೂರಿಸುವುದನ್ನೇ ಮರೆತಿದ್ದೆ! ಎರಡೂ ತುದಿ ಅರಳಿದ ಮೇಲೆ ನಟ್ಟು ಒಳಗೆ ಹೋಗುವುದಿಲ್ಲ. ಮಾಮ ಬೈಯಲಿಲ್ಲ, ಆ ಪೈಪನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ‘ಇದೂ ಒಂದು ಪಾಠ, ಇರ್ಲಿ’ ಎಂದರು. ಮುಂದೆ ತರಗತಿಗೆ ನಾನು ಒಯ್ದ ಉಪಕರಣಗಳಲ್ಲಿ ಅದೂ ಒಂದಾಯಿತು.

ಪೈಪುಗಳು ಬಿಸಿ ಸೈಲೆನ್ಸರಿಗೆ ತಾಗದಂತೆ ಕೂರಿಸಿ, ಪ್ರತಿ ಚಕ್ರಕ್ಕೂ ಹೊಸ ರಬ್ಬರ್ ಹೋಸ್ ಹಾಕಿದೆವು. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಿನ ಹೋಸುಗಳು ತಿರುಚಿಕೊಳ್ಳುವುದಿಲ್ಲ, ಟೈರಿಗೆ ಉಜ್ಜುವುದಿಲ್ಲ ಎಂದು ಖಚಿತಪಡಿಸಿಕೊಂಡೆವು. ಕೊನೆಗೆ ಹೊಸ ಆಯಿಲ್ ತುಂಬಿ ಗಾಳಿ ತೆಗೆಯುವ ಕೆಲಸ, ಅಂದರೆ ಬ್ಲೀಡಿಂಗ್. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರು. ನಿಪ್ಪಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ನಾನು ಒಳಗೆ ಕೂತು ಪೆಡಲ್ ಒತ್ತುತ್ತಿದ್ದೆ. ಮಾಮ ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಂದೊಡನೆ ಬಿಗಿಯುತ್ತಿದ್ದರು. ಅವರು ‘ಬಿಡು’ ಎನ್ನುವವರೆಗೆ ನಾನು ಕಾಲು ಎತ್ತುವಂತಿಲ್ಲ. ಎತ್ತಿದರೆ ಹೊರಗಿನ ಗಾಳಿ ಮತ್ತೆ ಒಳಗೆ ಬರುತ್ತದೆ. ನಾಲ್ಕನೇ ಚಕ್ರ ಮುಗಿಯುವ ಹೊತ್ತಿಗೆ, ಮೆತ್ತನೆ ಹಿಟ್ಟಿನಂತಿದ್ದ ಪೆಡಲ್ ಕಲ್ಲಿನಂತೆ ನಿಂತಿತು. ಆ ಬದಲಾವಣೆ ನನ್ನ ಕಾಲಿಗೆ ಗೊತ್ತಾಯಿತು. ಪದವಿಯಲ್ಲಿ ಬರೆದ ಸೂತ್ರಕ್ಕೆ ಅರ್ಥ ಬಂದದ್ದು ಆಗಲೇ.

ಪಾಠ ಯೋಜನೆ

ನಿರ್ದಿಷ್ಟ ಉದ್ದೇಶಗಳು: ವಿದ್ಯಾರ್ಥಿಗಳು (1) ಮುಚ್ಚಿದ ದ್ರವದ ಒಂದೆಡೆ ಕೊಟ್ಟ ಒತ್ತಡ ಎಲ್ಲೆಡೆಗೆ ಸಮನಾಗಿ ಹರಡುತ್ತದೆ ಎಂದು ಪ್ರಯೋಗದಿಂದ ಗುರುತಿಸುವರು, (2) ಒತ್ತಡ ಒಂದೇ ಇದ್ದರೂ ವಿಸ್ತೀರ್ಣ ಹೆಚ್ಚಾದಂತೆ ಬಲ ಹೆಚ್ಚಾಗುವುದನ್ನು ಲೆಕ್ಕ ಹಾಕುವರು, (3) ಬ್ರೇಕ್ ಪೈಪಿನಲ್ಲಿ ಗಾಳಿ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಕಾರಣ ಕೊಡುವರು.

ಪೂರ್ವಜ್ಞಾನ: ಒತ್ತಡ = ಬಲ ÷ ವಿಸ್ತೀರ್ಣ. ದ್ರವ ತನ್ನನ್ನು ತಡೆದ ಗೋಡೆಯನ್ನು ತಳ್ಳುತ್ತದೆ ಎಂಬುದು. ದರೋಜಿ ಕೆರೆಯ ಏರಿಯನ್ನು ದಿನವೂ ನೋಡುವ, 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದ ಸುದ್ದಿ ಕೇಳಿದ ಮಕ್ಕಳಿಗೆ ಇದನ್ನು ಬೇರೆಯಾಗಿ ಹೇಳಬೇಕಿರಲಿಲ್ಲ.

ಕಲಿಕೋಪಕರಣಗಳು: ಸೂಜಿಯಿಲ್ಲದ ಹೊಸ 5 ಮಿ.ಲೀ. ಮತ್ತು 20 ಮಿ.ಲೀ. ಸಿರಿಂಜುಗಳು, ಸಲೈನ್ ನಳಿಕೆಯ ತುಂಡುಗಳು, ಬಣ್ಣದ ನೀರು, ಹೆರಾಲ್ಡಿನ ತುಕ್ಕು ಹಿಡಿದ ಪೈಪಿನ ತುಂಡು, ನಾನು ಕೆಡಿಸಿದ ಹೊಸ ಪೈಪು, ಒಂದು ಹಳೆಯ ವೀಲ್ ಸಿಲಿಂಡರ್.

ಮೊದಲ ದಿನದ ಪಾಠ

ತೊಡಗಿಸಿಕೊಳ್ಳುವಿಕೆ: ತುಕ್ಕಿನ ಪೈಪನ್ನು ಕೈಯಿಂದ ಕೈಗೆ ದಾಟಿಸಿ, ‘ಇಷ್ಟು ಸಣ್ಣ ಪೈಪು ಇಷ್ಟು ದೊಡ್ಡ ಕಾರನ್ನು ಹೇಗೆ ನಿಲ್ಲಿಸುತ್ತದೆ?’ ಎಂದು ಕೇಳಿದೆ. ‘ಒಳಗೆ ತಂತಿ ಇರ್ತೈತ್ರಿ’ ಎಂದಳು ಒಬ್ಬಳು. ಸೈಕಲ್ ನೋಡಿದ ಮಗುವಿಗೆ ಅದು ಸಹಜವಾದ ಉತ್ತರ. ತಂತಿ ಎಳೆಯುತ್ತದೆ, ದ್ರವ ತಳ್ಳುತ್ತದೆ ಎಂಬ ಹೋಲಿಕೆಗೆ ಅದೇ ದಾರಿಯಾಯಿತು.

ಅನ್ವೇಷಣೆ: ಎರಡು ಸಿರಿಂಜುಗಳನ್ನು ನಳಿಕೆಯಿಂದ ಜೋಡಿಸಿ, ಗುಳ್ಳೆ ಇಲ್ಲದಂತೆ ಬಣ್ಣದ ನೀರು ತುಂಬಿ ಗುಂಪುಗಳಿಗೆ ಕೊಟ್ಟೆ. ತರಗತಿಯ ಗಟ್ಟಿಮುಟ್ಟಾದ ಹುಡುಗ ದೊಡ್ಡ ಸಿರಿಂಜಿನ ದಂಡ ಒತ್ತಿ ಹಿಡಿಯಬೇಕು, ಸಣಕಲು ಹುಡುಗಿ ಸಣ್ಣದನ್ನು ಒತ್ತಬೇಕು. ಹುಡುಗಿ ಗೆದ್ದಳು. ಮತ್ತೆ ಮತ್ತೆ ಗೆದ್ದಳು. ಬಳಿಕ ಅಳತೆ: ಸಣ್ಣದರಿಂದ 4 ಮಿ.ಲೀ. ಹೊರಟರೆ ದೊಡ್ಡದರಲ್ಲೂ 4 ಮಿ.ಲೀ. ಏರಿತು, ಆದರೆ ದೊಡ್ಡ ದಂಡ ಸರಿದ ದೂರ ಸಣ್ಣದರ ಅರ್ಧಕ್ಕಿಂತ ಕಡಿಮೆ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಕಳೆದುಕೊಳ್ಳುತ್ತೇವೆ, ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ ಎಂದು ಮಕ್ಕಳೇ ಹೇಳಿದರು.

ವಿವರಣೆ: ಫ್ರಾನ್ಸಿನ ಬ್ಲೇಸ್ ಪಾಸ್ಕಲ್ (1623–1662) ಅವರ ನಿಯಮವನ್ನು ಈಗ ಕಪ್ಪುಹಲಗೆಯ ಮೇಲೆ ಬರೆದೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಆರಿಸಿಕೊಂಡಿದ್ದೆ. ಕಾಲಿನ ಬಲ 200 ನ್ಯೂಟನ್. ಪೆಡಲ್ ಒಂದು ಸನ್ನೆ, ಅದು 5 ಪಟ್ಟು ಹೆಚ್ಚಿಸಿ 1000 ನ್ಯೂಟನ್ ಮಾಡುತ್ತದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ವಿಸ್ತೀರ್ಣ 2.5 ಚ.ಸೆಂ.ಮೀ. ಇದ್ದರೆ ಒತ್ತಡ ಪ್ರತಿ ಚ.ಸೆಂ.ಮೀ.ಗೆ 400 ನ್ಯೂಟನ್. ಅದೇ ಒತ್ತಡ ಚಕ್ರದ ಬಳಿಯ 4 ಚ.ಸೆಂ.ಮೀ. ಪಿಸ್ಟನ್ ಮೇಲೆ ಬಿದ್ದರೆ 1600 ನ್ಯೂಟನ್. ಆ ಬಲ ಬ್ರೇಕ್ ಶೂವನ್ನು ಡ್ರಮ್ಮಿಗೆ ಒತ್ತುತ್ತದೆ, ಘರ್ಷಣೆ ಚಕ್ರವನ್ನು ತಡೆಯುತ್ತದೆ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಇಂಥ ಬ್ರೇಕ್ ಬಂದದ್ದನ್ನು ತಿಳಿಸಿದೆ.

ವಿಸ್ತರಣೆ: ನಳಿಕೆಯೊಳಗೆ 2 ಮಿ.ಲೀ. ಗಾಳಿ ಸೇರಿಸಿ, ದೊಡ್ಡ ದಂಡವನ್ನು ಗಟ್ಟಿಯಾಗಿ ಹಿಡಿದು ಸಣ್ಣದನ್ನು ಒತ್ತಲು ಹೇಳಿದೆ. ದಂಡ ಮೆತ್ತಗೆ ಒಳಗೆ ಹೋಗಿ, ಕೈ ಬಿಟ್ಟರೆ ಪುಟಿದು ಬಂತು. ನೀರು ಕುಗ್ಗುವುದು ತೀರಾ ಅತ್ಯಲ್ಪ, ಗಾಳಿ ಬಹಳ ಕುಗ್ಗುತ್ತದೆ. ಕಾಲು ಒತ್ತಿದ್ದೆಲ್ಲ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗಿ ಚಕ್ರಕ್ಕೆ ಒತ್ತಡ ಮುಟ್ಟುವುದಿಲ್ಲ. ಬ್ರೇಕ್ ಆಯಿಲ್ ಮಳೆಗಾಲದ ಉಪ್ಪಿನಂತೆ ಗಾಳಿಯ ತೇವ ಹೀರುತ್ತದೆ ಎಂಬುದನ್ನೂ ಹೇಳಿದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆಯಿಲಿನೊಳಗಿನ ನೀರು ಆವಿಯಾದರೆ, ಅದೂ ಒಂದು ಗುಳ್ಳೆಯೇ. ಕೊನೆಗೆ ದೊಡ್ಡ ಅಕ್ಷರದಲ್ಲಿ ಬರೆದೆ: ‘ಗಾಳಿ ಬ್ರೇಕಿನ ಶತ್ರು.’

ಆ ಪ್ರಶ್ನೆ

ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಹಾಜರಿ ಪುಸ್ತಕದಲ್ಲಿ ಅವನ ಸಾಲಿನಲ್ಲಿ ಗೈರುಹಾಜರಿಯೇ ಹೆಚ್ಚು. ನನ್ನ ಅವಧಿಯಲ್ಲಿ ಅವನು ಬಾಯಿ ತೆರೆದದ್ದು ಅದೇ ಮೊದಲು.

‘ಲಾರ್‍ಯಾಗ ಬ್ರೇಕಿಗೆ ಗಾಳಿನೇ ಇರ್ತೈತಲ್ರಿ ಮೇಡಂ?’

ಹಿಂದೆ ಕುರ್ಚಿಯಲ್ಲಿ ನಮ್ಮ ಕಾಲೇಜಿನ ವೀಕ್ಷಕರು ಕೂತಿದ್ದರು. ಗಂಟೆ ಹೊಡೆಯಲು ನಾಲ್ಕೈದು ನಿಮಿಷ ಉಳಿದಿತ್ತು, ಮೌಲ್ಯಮಾಪನದ ಪ್ರಶ್ನೆಗಳು ಬಾಕಿ ಇದ್ದವು. ನಾನು ತಡವರಿಸದೆ ಹೇಳಿದೆ: ‘ಗಾಳಿ ಇರೋದು ಟೈರಿನಲ್ಲಿ. ಬ್ರೇಕಿಗೆ ಎಲ್ಲ ವಾಹನದಲ್ಲೂ ಆಯಿಲೇ. ಕೂತ್ಕೋ.’ ತರಗತಿ ನಕ್ಕಿತು. ಅವನು ಏನೋ ಹೇಳಲು ಹೋಗಿ, ಹೇಳದೆ ಕುಳಿತ.

ವೀಕ್ಷಣಾ ನಮೂನೆಯಲ್ಲಿ ನನಗೆ ಒಳ್ಳೆಯ ಅಂಕಗಳು ಬಂದವು. ಉಪಕರಣಗಳ ಬಳಕೆ, ಸಮಯ ಪಾಲನೆ, ತರಗತಿ ನಿರ್ವಹಣೆ, ಎಲ್ಲದರಲ್ಲೂ. ಸಂಜೆ ಹೊಸಪೇಟೆಗೆ ಬಂದು ಇದನ್ನೆಲ್ಲ ಖುಷಿಯಿಂದ ಹೇಳುತ್ತಾ, ಆ ಹುಡುಗನ ಮಾತನ್ನೂ ಹೇಳಿದೆ. ಮಾಮ ಕೈ ಒರೆಸಿಕೊಳ್ಳುತ್ತಿದ್ದವರು ನಿಲ್ಲಿಸಿದರು. ‘ಹುಡುಗ ಸರಿ ಹೇಳ್ಯಾನಲ್ಲವ್ವಾ. ಅದಿರು ಲಾರಿ ನಿಂತಾಗ ಸ್ಸ್ ಅಂತೈತಲ್ಲ, ಅದೇನಂದುಕೊಂಡಿ?’

ಆ ಸದ್ದು ಚಿಕ್ಕಂದಿನಿಂದ ಕೇಳಿದ್ದೆ. ಸಂಡೂರು ರಸ್ತೆಯ ಬದಿಯಲ್ಲಿ ಬೆಳೆದವರಿಗೆ ಅದು ಹೊಸದಲ್ಲ. ಅದರ ಕಾರಣವನ್ನು ಮಾತ್ರ ಯಾವತ್ತೂ ಕೇಳಿಕೊಂಡಿರಲಿಲ್ಲ.

ರಾತ್ರಿ ಎರಡು ಯೋಚನೆ ಬಂದವು. ಘಟಕ ಮುಗಿದಿದೆ, ಮುಂದಿನ ಪಾಠ ಶುರು ಮಾಡಿದರೆ ಯಾರೂ ಕೇಳುವುದಿಲ್ಲ. ಇಲ್ಲವೇ ತಪ್ಪೊಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಪ್ರಶಿಕ್ಷಣಾರ್ಥಿಯ ಮಾತಿಗೆ ಮಕ್ಕಳಲ್ಲಿ ಬೆಲೆ ಉಳಿಯುವುದೇ ಎಂಬ ಅಳುಕೂ ಇತ್ತು. ಆದರೆ ಆ ಹುಡುಗ ಕುಳಿತ ರೀತಿ ಕಣ್ಣಿಂದ ಮರೆಯಾಗಲಿಲ್ಲ. ನಟ್ಟು ಮರೆತ ಪೈಪನ್ನು ಮಾಮ ಬಚ್ಚಿಡದೆ ಗೋಡೆಗೆ ಹಾಕಿದ್ದೂ ನೆನಪಾಯಿತು.

ಎರಡನೇ ದಿನದ ಪಾಠ

ಮಾರ್ಗದರ್ಶಕ ಶಿಕ್ಷಕರಿಗೆ ವಿಷಯ ತಿಳಿಸಿ ಒಂದು ಅವಧಿ ಕೇಳಿ ಪಡೆದೆ. ತರಗತಿಗೆ ಹೋದವಳೇ, ‘ನಿನ್ನೆ ನಾನು ತಪ್ಪು ಹೇಳಿದೆ. ಲಾರಿಯ ಬ್ರೇಕಿನಲ್ಲಿ ಗಾಳಿ ಇರುತ್ತದೆ. ಅವನು ಹೇಳಿದ್ದೇ ಸರಿ’ ಎಂದೆ. ಬಳಿಕ ಅವನನ್ನು ಮುಂದೆ ಕರೆದು, ಗೊತ್ತಿದ್ದದ್ದನ್ನು ಹೇಳು ಎಂದೆ. ಮೊದಲು ಬರಲಿಲ್ಲ. ‘ಬೆಳಿಗ್ಗೆ ಲಾರಿ ಚಾಲೂ ಮಾಡಿದ ಕೂಡಲೇ ಹೊರಡ್ತೀರಾ?’ ಎಂದು ಕೇಳಿದಾಗ ಕುಳಿತಲ್ಲಿಂದಲೇ ಉತ್ತರ ಬಂತು: ‘ಇಲ್ರಿ, ಗಾಳಿ ತುಂಬೋತನಕ ಲಾರಿ ಹಂದಾಡಲ್ರಿ. ಮುಳ್ಳು ಮೇಲೆ ಬರ್ಬೇಕು.’ ಆಮೇಲೆ ಎದ್ದು ಬಂದು ಹಲಗೆಯ ಮೇಲೆ ಗಾಳಿಯ ಟ್ಯಾಂಕ್ ಎಲ್ಲಿರುತ್ತದೆ ಎಂದು ಚಿತ್ರ ಬರೆದ. ಶಾಲೆಗೆ ಬಾರದ ದಿನಗಳಲ್ಲಿ ಅಪ್ಪನ ಜೊತೆ ಲಾರಿಯಲ್ಲಿ ಹೋಗುತ್ತಾನೆ ಎಂಬುದು ಆಗ ತಿಳಿಯಿತು.

ಅವನ ಚಿತ್ರದ ಮೇಲೆ ನಾನು ವಿಜ್ಞಾನ ಸೇರಿಸಿದೆ. ಕಾರಿನಲ್ಲಿ ಚಕ್ರವನ್ನು ಒತ್ತುವುದು ಚಾಲಕನ ಕಾಲಿನ ಬಲವೇ, ಆಯಿಲ್ ಅದನ್ನು ಸಾಗಿಸುತ್ತದೆ ಅಷ್ಟೆ. ಒಂದು ಸಲ ಒತ್ತಿದಾಗ ಸರಿಯುವ ಆಯಿಲ್ ಬಹಳ ಸ್ವಲ್ಪ, ಅದನ್ನು ಗುಳ್ಳೆ ನುಂಗಿದರೆ ಉಳಿಯುವುದೇನೂ ಇಲ್ಲ. ಲಾರಿಯಲ್ಲಿ ಹಾಗಲ್ಲ. ಇಂಜಿನ್ ನಡೆಸುವ ಕಂಪ್ರೆಸರ್ ಗಾಳಿಯನ್ನು ಮೊದಲೇ ಕುಗ್ಗಿಸಿ ಟ್ಯಾಂಕಿನಲ್ಲಿ ಕೂಡಿಟ್ಟಿರುತ್ತದೆ. ಆ ಒತ್ತಡ ವಾತಾವರಣದ ಒತ್ತಡದ ಸುಮಾರು 7–8 ಪಟ್ಟು. ಪೆಡಲ್ ಅಲ್ಲಿ ಬರೀ ನಲ್ಲಿ ಇದ್ದಂತೆ. ತೆರೆದರೆ ಕೂಡಿಟ್ಟ ಗಾಳಿ ಬಂದು ಬ್ರೇಕ್ ಒತ್ತುತ್ತದೆ. ಬಿಟ್ಟರೆ ‘ಸ್ಸ್’ ಎಂದು ಹೊರಹೋಗುತ್ತದೆ. ಕುಗ್ಗುವ ಗುಣ ಕಾರಿನಲ್ಲಿ ಕೆಡುಕು, ಲಾರಿಯಲ್ಲಿ ಅದೇ ಉಪಕಾರ.

ಒಬ್ಬ ಹುಡುಗಿ ಕೇಳಿದಳು: ‘ಹಂಗಾದ್ರ ಗಾಳಿ ಪೈಪ್ ಒಡೆದ್ರ ಲಾರಿ ನಿಲ್ಲಲ್ಲೇನ್ರಿ?’ ಉತ್ತರ ಅವನ ಮಾತಿನಲ್ಲೇ ಇತ್ತು. ಗಾಳಿ ತುಂಬುವ ತನಕ ಲಾರಿ ಏಕೆ ಕದಲುವುದಿಲ್ಲ? ಹಿಂದಿನ ಚಕ್ರಗಳಲ್ಲಿ ಬಲವಾದ ಸ್ಪ್ರಿಂಗ್ ಬ್ರೇಕನ್ನು ಒತ್ತಿ ಹಿಡಿದಿರುತ್ತದೆ. ಗಾಳಿ ಆ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿದ ಮೇಲಷ್ಟೇ ಚಕ್ರ ಬಿಡುಗಡೆಯಾಗುತ್ತದೆ. ಇಂಥ ಏರ್ಪಾಡು ಇರುವ ಲಾರಿಯಲ್ಲಿ ಗಾಳಿ ಪೂರ್ತಿ ಹೋದರೆ ಸ್ಪ್ರಿಂಗ್ ತಾನಾಗಿ ಬ್ರೇಕ್ ಹಾಕುತ್ತದೆ.

ದರೋಜಿ ಸ್ಟೇಷನ್ನಿನಲ್ಲಿ ನಿಲ್ಲುವ ರೈಲು ಮೂರನೆಯ ಉದಾಹರಣೆಯಾಯಿತು. ರೈಲಿನ ಬ್ರೇಕ್ ಪೈಪಿನಲ್ಲಿ ಪ್ರತಿ ಚ.ಸೆಂ.ಮೀ.ಗೆ 5 ಕೆ.ಜಿ.ಯಷ್ಟು ಒತ್ತಡದ ಗಾಳಿ ಸದಾ ಇರುತ್ತದೆ. ಅದು ಇಳಿದರೆ ಬ್ರೇಕ್ ಬೀಳುತ್ತದೆ. ಚೈನ್ ಎಳೆದಾಗ ಆಗುವುದೂ ಇದೇ. ಬೋಗಿಗಳು ಕಳಚಿ ಪೈಪ್ ಹರಿದರೂ ಎರಡೂ ತುಂಡುಗಳು ನಿಲ್ಲುತ್ತವೆ. ಗಾಳಿ ಬ್ರೇಕಿಗೆ 1869ರಲ್ಲಿ ಪೇಟೆಂಟ್ ಪಡೆದ ಜಾರ್ಜ್ ವೆಸ್ಟಿಂಗ್‌ಹೌಸ್ ಅವರ ಮೊದಲ ಮಾದರಿಯಲ್ಲಿ ಪೈಪ್ ಒಡೆದರೆ ಬ್ರೇಕೇ ಇಲ್ಲವಾಗುತ್ತಿತ್ತು. ಆ ದೋಷವನ್ನು ಕೆಲವೇ ವರ್ಷಗಳಲ್ಲಿ ಅವರೇ ತಿದ್ದಿದರು.

ಮೌಲ್ಯಮಾಪನ

ಒಂದೇ ಪ್ರಶ್ನೆ ಕೊಟ್ಟೆ: ‘ಪೈಪ್ ಒಡೆದರೆ ಹೆರಾಲ್ಡ್, ಲಾರಿ, ರೈಲು – ಪ್ರತಿಯೊಂದರಲ್ಲಿ ಏನಾಗುತ್ತದೆ? ಏಕೆ?’ ಹೆಚ್ಚಿನವರು ಮೂರನ್ನೂ ಬೇರೆ ಬೇರೆಯಾಗಿ ಬರೆದರು. ಕಾರಣ ಬರೆಯುವಲ್ಲಿ ಕೆಲವರು ಎಡವಿದರು: ಲಾರಿಯಲ್ಲೂ ಕಾಲಿನ ಬಲವೇ ಚಕ್ರಕ್ಕೆ ಹೋಗುತ್ತದೆ ಎಂದು ಬರೆದವರಿದ್ದರು. ಅವರಿಗೆ, ಉಬ್ಬಿದ ಬಲೂನಿನ ಬಾಯಿ ಹಿಡಿದು ಬಿಡಿಸುವ ಚಟುವಟಿಕೆಯಿಂದ ‘ಕೂಡಿಟ್ಟ ಒತ್ತಡ’ದ ಕಲ್ಪನೆ ಮಾಡಿಸಿದೆ. ಹಲಗೆಯ ಮೇಲೆ ನಾನು ಬರೆದಿದ್ದ ವಾಕ್ಯವನ್ನು ಮಕ್ಕಳೇ ತಿದ್ದಿದರು: ‘ಆಯಿಲ್ ಬ್ರೇಕಿನ ಒಳಗೆ ಸೇರಿದ ಗಾಳಿ ಶತ್ರು.’

ಚಿಂತನೆ ಮತ್ತು ಸಲಹೆಗಳು

1. ಸಿರಿಂಜ್ ಪ್ರಯೋಗವನ್ನು ಸೂತ್ರಕ್ಕಿಂತ ಮೊದಲೇ ಮಾಡಿಸಬೇಕು. ಬೆರಳಿಗೆ ತಿಳಿದ ಮೇಲೆ ಲೆಕ್ಕ ಕಷ್ಟವಾಗುವುದಿಲ್ಲ. ಗುಳ್ಳೆ ತೆಗೆಯುವ ಕೆಲಸವನ್ನೂ ಮಕ್ಕಳಿಂದಲೇ ಮಾಡಿಸಿದರೆ ಬ್ಲೀಡಿಂಗ್ ಎಂದರೇನೆಂದು ತಾನಾಗಿ ಅರ್ಥವಾಗುತ್ತದೆ.

2. ಸಿರಿಂಜು, ನಳಿಕೆ ಅಂಗಡಿಯಿಂದ ತಂದ ಹೊಸದೇ ಆಗಿರಬೇಕು. ಬ್ರೇಕ್ ಆಯಿಲನ್ನು ತರಗತಿಗೆ ತರಬಾರದು. ಅದು ಪೇಂಟನ್ನೇ ಕಿತ್ತುಹಾಕುತ್ತದೆ, ಕಣ್ಣು ಬಾಯಿಗೆ ಅಪಾಯ. ಬಣ್ಣದ ನೀರು ಸಾಕು.

3. ‘ಎಲ್ಲ’, ‘ಯಾವಾಗಲೂ’, ‘ಶತ್ರು’ ಇಂಥ ಪದಗಳನ್ನು ಹಲಗೆಯ ಮೇಲೆ ಬರೆಯುವ ಮುನ್ನ, ಇದು ತಪ್ಪಾಗುವ ಒಂದು ಸಂದರ್ಭವನ್ನು ನಮ್ಮ ಊರಿನಲ್ಲೇ ಹುಡುಕಿ ನೋಡಬೇಕು. ನನಗೆ ಅದು ದಿನವೂ ಬಸ್ಸಿನ ಕಿಟಕಿಯಾಚೆ ಹಾದು ಹೋಗುತ್ತಿತ್ತು.

4. ನಮ್ಮ ಪಾಠ ಯೋಜನೆಯ ‘ಪೂರ್ವಜ್ಞಾನ’ ಎಂಬ ಅಂಕಣದಲ್ಲಿ ಹಿಂದಿನ ತರಗತಿಯ ಪಠ್ಯವನ್ನಷ್ಟೇ ಬರೆಯುತ್ತೇವೆ. ಮನೆ, ಹೊಲ, ಗಣಿ, ಗ್ಯಾರೇಜಿನಿಂದ ಮಗು ತಂದದ್ದನ್ನೂ ಬರೆಯಲು ಜಾಗವಿರಲಿ. ವೀಕ್ಷಣಾ ನಮೂನೆಯಲ್ಲಿ ‘ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಹೇಗೆ ಸ್ವೀಕರಿಸಿದರು’ ಎಂಬ ಒಂದು ಸಾಲು ಇದ್ದರೆ ಒಳ್ಳೆಯದೆಂದು ಬೋಧಕರಲ್ಲಿ ವಿನಂತಿ. ಮೊದಲ ದಿನ ಆ ಸಾಲು ಇದ್ದಿದ್ದರೆ ನನ್ನ ಅಂಕಗಳು ಕಡಿಮೆಯಾಗುತ್ತಿದ್ದವು, ಆದರೆ ನನಗೆ ಹೆಚ್ಚು ಉಪಯೋಗವಾಗುತ್ತಿತ್ತು.

ಆ ಹುಡುಗ ಆಮೇಲೆ ದಿನವೂ ಶಾಲೆಗೆ ಬಂದ ಎಂದು ಬರೆಯಲಾರೆ. ನನ್ನ ಅವಧಿ ಮುಗಿಯುವುದರೊಳಗೆ ಮತ್ತೆ ಹಲವು ದಿನ ಅವನ ಜಾಗ ಖಾಲಿ ಇತ್ತು. ಆದರೆ ಬಂದ ದಿನಗಳಲ್ಲಿ ಕೈ ಎತ್ತುತ್ತಿದ್ದ. ಕೊನೆಯ ದಿನ, ‘ಮೇಡಂ, ಡಿಸೇಲ್ ಇಂಜಿನ್ನಿಗೆ ಪ್ಲಗ್ ಯಾಕಿಲ್ರಿ?’ ಎಂದು ಕೇಳಿದ. ‘ನನಗೆ ಸರಿಯಾಗಿ ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ’ ಎಂದೆ. ಆ ದಿನ ಯಾರೂ ನಗಲಿಲ್ಲ. ಉತ್ತರವನ್ನು ಬರೆದು, ಮಾರ್ಗದರ್ಶಕ ಶಿಕ್ಷಕರ ಕೈಲಿ ಅವನಿಗೆ ಕಳಿಸಿದ್ದೇನೆ.